ಬೂಷ್ಟು ಹಿಡಿದ ಹಿಂಡಿ ಒಣಗಿಸಿ ಮಾರುತ್ತಾರೆ, ದನ ಸಾಕುವವರು ಎಚ್ಚರ

ಉಡುಪಿ, ಬ್ರಹ್ಮಾವರ, ಕುಂದಾಪುರ ಕಡೆ ದನ ಸಾಕುವವರು ಇದನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳುತ್ತೇನೆ. ಮಳೆಗಾಲದಲ್ಲಿ ನೀರು ತಾಗಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿಯನ್ನು ಒಣಗಿಸಿ, ಪುಡಿ ಮಾಡಿ, ಹೊಸ ಚೀಲಕ್ಕೆ ತುಂಬಿಸಿ ಮಾರುವವರು ನಮ್ಮ ನಡುವೆ ಇದ್ದಾರೆ. ನಮ್ಮ ದನದ ಹಟ್ಟಿಗೆ ಅಂಥ ಚೀಲಗಳು ಬಂದವು. ಕರು ಸತ್ತಿತು. ದನ ಬದುಕಿತು, ಆದರೆ ಹಾಲು ಮೊದಲಿನ ಹಾಗೆ ಬರಲೇ ಇಲ್ಲ. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಇನ್ನೊಂದು. ಆ ದಿನಗಳ ಹಾಲನ್ನು ನಮ್ಮ ಮನೆಯ ಮಕ್ಕಳೂ ಕುಡಿದಿದ್ದಾರೆ.

ನಮ್ಮದು ದೊಡ್ಡ ಡೈರಿ ಅಲ್ಲ. ಜೆರ್ಸಿ ಜಾತಿಯ ಮೂರು ದನ, ಒಂದು ಹೆಣ್ಣು ಕರು. ಅತ್ತೆ ಮತ್ತು ನಾನು ನೋಡಿಕೊಳ್ಳುತ್ತೇವೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದ ಹಾಲನ್ನು ಸೊಸೈಟಿಗೆ ಹಾಕುತ್ತೇವೆ. ಆಟಿ ತಿಂಗಳ ಮಳೆಯಲ್ಲಿ ಹಸಿಹುಲ್ಲು ತರುವುದು ಕಷ್ಟ, ಹಾಗಾಗಿ ಹಿಂಡಿ ಸ್ವಲ್ಪ ಜಾಸ್ತಿ ಬೇಕಾಗುತ್ತದೆ. ವರ್ಷಗಳಿಂದ ತರುತ್ತಿದ್ದ ಅಂಗಡಿಯಿಂದಲೇ ತಂದದ್ದು. ಚೀಲ ಹೊಸದು, ಹೊಲಿಗೆ ಗಟ್ಟಿ ಇತ್ತು. ಒಳಗೆ ನುಣ್ಣಗೆ ಪುಡಿ ಮಾಡಿದ ಹಿಂಡಿ. ಬಣ್ಣ ಸ್ವಲ್ಪ ಕಪ್ಪು ಅನ್ನಿಸಿತು. ಕೇಳಿದ್ದಕ್ಕೆ ಈ ಸಲ ಗಾಣದವರು ಕಡಲೆ ಜಾಸ್ತಿ ಹುರಿದಿದ್ದಾರೆ ಎಂದರು.

ಮೊದಲು ಹಾಲು ಇಳಿಯಿತು. ಮಳೆಗಾಲದಲ್ಲಿ ಅದು ಆಗುವುದೇ. ಆಮೇಲೆ ದನ ಬಾನಿಗೆ ಬಾಯಿ ಹಾಕಿ, ಮೂಸಿ, ಹಿಂದೆ ಸರಿಯತೊಡಗಿತು. ಸಗಣಿ ತೆಳ್ಳಗಾಯಿತು. ಮೈಯ ಹೊಳಪು ಹೋಗಿ ರೋಮ ನೆಟ್ಟಗೆ ನಿಂತಿತು. ಕರುವಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಹಲ್ಲು ಕಡಿಯುತ್ತಿತ್ತು, ಸಗಣಿ ಬಾರದಿದ್ದರೂ ತಿಣುಕುತ್ತಾ ನಿಲ್ಲುತ್ತಿತ್ತು. ಕಣ್ಣಿನ ಒಳಭಾಗ ಹಳದಿಯಾಗಿತ್ತು. ಡಾಕ್ಟ್ರು ಬಂದವರು ಮೊದಲು ಉಣ್ಣಿಯಿಂದ ಬರುವ ಜ್ವರ ಇರಬಹುದು ಎಂದು ರಕ್ತ ತೆಗೆದುಕೊಂಡು ಹೋದರು. ಅದರಲ್ಲಿ ಏನೂ ಸಿಗಲಿಲ್ಲ. ಎರಡನೇ ಸಲ ಬಂದಾಗ ನೇರ ಹಿಂಡಿ ಚೀಲದ ಹತ್ತಿರ ಹೋಗಿ, ತಳದವರೆಗೆ ಕೈ ಹಾಕಿ ಮುಷ್ಟಿ ತುಂಬ ತೆಗೆದರು. ಪುಡಿಯ ನಡುವೆ ಸಣ್ಣ ಸಣ್ಣ ಗಟ್ಟಿ ಉಂಡೆಗಳು. ಒಡೆದರೆ ಒಳಗೆ ಹಸಿರು ಮಿಶ್ರಿತ ಹಳದಿ ಪುಡಿ. ಮುಗ್ಗುಲು ವಾಸನೆ.

"ಈಗಿಂದೀಗ ಇದನ್ನು ನಿಲ್ಲಿಸಿ. ಮನೆಯವರು ಈ ಹಾಲು ಕುಡಿಯಬೇಡಿ" ಎಂದರು ಡಾಕ್ಟ್ರು.

"ಕುದಿಸಿದರೂ ಆಗುವುದಿಲ್ವಾ ಡಾಕ್ಟ್ರೇ?" ಎಂದು ಅತ್ತೆ ಕೇಳಿದರು.

"ಇಲ್ಲಮ್ಮ, ಈ ವಿಷ ಕುದಿಸಿದರೆ ಹೋಗುವುದಲ್ಲ."

ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಎಂಬ ಬೂಷ್ಟು ಇದನ್ನು ಮಾಡುತ್ತದೆ. ನೆಲಗಡಲೆ, ಮೆಕ್ಕೆಜೋಳ, ಹತ್ತಿಬೀಜ, ಕೊಬ್ಬರಿ, ಒಣಮೆಣಸು ಇದಕ್ಕೆ ಇಷ್ಟದ ಜಾಗ. ಬಿಸಿಯೂ ಬೇಕು, ತೇವವೂ ಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇವೆರಡೂ ಒಟ್ಟಿಗೆ ಇರುತ್ತವೆ. ಇದು ಹೊಡೆಯುವುದು ಲಿವರಿಗೆ. ಇದಕ್ಕೆಂದೇ ಮದ್ದು ಇಲ್ಲ. ಕೆಟ್ಟ ಮೇವು ನಿಲ್ಲಿಸಿ, ಲಿವರಿಗೆ ಬಲ ಬರುವ ಔಷಧಿ ಕೊಟ್ಟು ಕಾಯಬೇಕು ಅಷ್ಟೇ. ದೊಡ್ಡ ದನ ಸ್ವಲ್ಪ ತಡೆದುಕೊಳ್ಳುತ್ತದೆ. ಕರುಗಳಿಗೆ, ಕೋಳಿಮರಿಗಳಿಗೆ, ಬಾತುಕೋಳಿಗಳಿಗೆ ಆ ಶಕ್ತಿ ಇಲ್ಲ. ನಮ್ಮ ಕರು ಎದ್ದು ನಿಲ್ಲಲಾರದೆ ಹೋಯಿತು. ಅತ್ತೆ ರಾತ್ರಿಯೆಲ್ಲ ಅದರ ಪಕ್ಕದಲ್ಲೇ ಗೋಣಿ ಹಾಸಿಕೊಂಡು ಕೂತಿದ್ದರು. ಅದು ಉಳಿಯಲಿಲ್ಲ.

ಉಳಿದ ಹಿಂಡಿಯ ಸ್ಯಾಂಪಲ್ ಅನ್ನು ಡಾಕ್ಟ್ರ ಮೂಲಕ ಲ್ಯಾಬಿಗೆ ಕಳಿಸಿದೆವು. ದನದ ಸಿದ್ಧ ಆಹಾರದಲ್ಲಿ ಅಫ್ಲಾಟಾಕ್ಸಿನ್ ಬಿ1 (ಈ ವಿಷದ ಒಂದು ಬಗೆ) 20 ಪಿಪಿಬಿಗಿಂತ ಹೆಚ್ಚು ಇರಬಾರದು ಎಂದು ಭಾರತೀಯ ಮಾನಕ ಬ್ಯೂರೋದ ನಿಯಮ ಇದೆ. ಅಂದರೆ ಒಂದು ಟನ್ ಮೇವಿನಲ್ಲಿ 20 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪು ಇದಕ್ಕಿಂತ ಎಷ್ಟೋ ಜಾಸ್ತಿ ತೂಗುತ್ತದೆ. ನಮ್ಮ ಚೀಲದ ಹಿಂಡಿಯಲ್ಲಿ ಆ ಮಿತಿಯ ಹಲವು ಪಟ್ಟು ಇತ್ತು.

ರಿಪೋರ್ಟ್ ಹಿಡಿದುಕೊಂಡು ನಮ್ಮವರು ಮತ್ತು ನಾನು ಅಂಗಡಿಗೆ ಹೋದೆವು. ಮಾಲೀಕರು ಕಾಗದ ಓದಲೂ ಇಲ್ಲ. "ಎಂತ ಆಗುದಿಲ್ಲ ಮಾರಾಯ್ರೆ, ಬಿಸಿಲಲ್ಲಿ ಚೆಂದ ಒಣಗಿಸಿದ ಮಾಲು ಅದು" ಎಂದರು. ಅಂದರೆ ಒಣಗಿಸುವ ಹಾಗೆ ಒದ್ದೆಯಾಗಿತ್ತು ಎಂದು ಅವರ ಬಾಯಿಂದಲೇ ಬಂತು. ಆಮೇಲೆ ಅಲ್ಲಿ ಲೋಡ್ ಇಳಿಸುವ ಒಬ್ಬರು ಹೊರಗೆ ಸಿಕ್ಕಿ ಹೇಳಿದರು: ಮೊದಲ ಮಳೆಗೆ ಗೋಡೌನಿನ ಒಳಗೆ ನೀರು ಬಂದಿತ್ತು, ಕೆಳಗಿನ ಸಾಲಿನ ಚೀಲಗಳೆಲ್ಲ ನೆನೆದಿದ್ದವು. ಬಿಸಿಲು ಕಂಡಾಗ ಟಾರ್ಪಾಲಿನ ಮೇಲೆ ಹರಡಿ, ಮಿಲ್ಲಿನಲ್ಲಿ ಪುಡಿ ಮಾಡಿಸಿ, ಒಳ್ಳೆಯ ಹಿಂಡಿಯ ಜೊತೆ ಸೇರಿಸಿ ತುಂಬಿಸಿದರಂತೆ. ಇದು ತಿಳಿಯದೆ ಆದದ್ದಲ್ಲ. ಬೂಷ್ಟು ಕಾಣಬಾರದು ಅಂತಲೇ ಪುಡಿ ಮಾಡಿದ್ದು.

ಬಿಸಿಲಿಗೆ ಹಾಕಿದರೆ ಬೂಷ್ಟು ಮುಂದೆ ಬೆಳೆಯುವುದಿಲ್ಲ, ನಿಜ. ಆದರೆ ಆಗಲೇ ಆದ ವಿಷ ಅಲ್ಲೇ ಇರುತ್ತದೆ. ಬ್ರಷ್ ಹಾಕಿ ಉಜ್ಜಿದರೂ ಇರುತ್ತದೆ, ಬೇಯಿಸಿದರೂ ಇರುತ್ತದೆ. ಒಳ್ಳೆಯದರ ಜೊತೆ ಬೆರೆಸಿದರೆ ಒಳ್ಳೆಯದೂ ಕೆಡುತ್ತದೆ.

ಮಾಲೀಕರು ಇನ್ನೊಂದು ಮಾತು ಹೇಳಿದರು. "ದನಕ್ಕೆ ಅಲ್ವಾ, ಮನುಷ್ಯರು ತಿನ್ನುವುದಾ?" ಈ ಮಾತನ್ನು ನಾನು ಬೇರೆಯವರ ಬಾಯಲ್ಲೂ ಎಷ್ಟೋ ಸಲ ಕೇಳಿದ್ದೇನೆ. ಅಂಗಳದಲ್ಲಿ ಒದ್ದೆಯಾದ ಕೊಬ್ಬರಿ, ಹುಳ ಬಿದ್ದ ಜೋಳ, ಮುಗ್ಗಿದ ಅಕ್ಕಿ, ಎಲ್ಲ ದನಕ್ಕೆ. ಕೆಟ್ಟ ಕೊಬ್ಬರಿ, ಕೆಟ್ಟ ಕಡಲೆ ಗಾಣಕ್ಕೆ ಹೋದಾಗಲೂ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಆ ಹಿಂಡಿ ಬರುವುದು ಹಟ್ಟಿಗೆ. ದನದ ಹೊಟ್ಟೆಗೆ ಹೋದ ಬಿ1 ಲಿವರಿನಲ್ಲಿ ಎಂ1 ಎಂಬ ರೂಪಕ್ಕೆ ಬದಲಾಗಿ ಹಾಲಿಗೆ ಇಳಿಯುತ್ತದೆ. ತಿಂದ ಒಂದು ದಿನದ ಒಳಗೇ ಹಾಲಿನಲ್ಲಿ ಕಾಣಿಸುತ್ತದೆ. ತಿಂದದ್ದರಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದರಿಂದ ಮೂರು ಪಾಲು, ಜಾಸ್ತಿ ಹಾಲು ಕೊಡುವ ದನದಲ್ಲಿ ಇನ್ನೂ ಹೆಚ್ಚು. ಹಾಲು ನೋಡಿದರೆ ಗೊತ್ತಾಗುವುದಿಲ್ಲ, ರುಚಿಯೂ ಬದಲಾಗುವುದಿಲ್ಲ. ಸೊಸೈಟಿಯಲ್ಲಿ ದಿನಾ ನೋಡುವುದು ಫ್ಯಾಟ್ ಮತ್ತು ಕೊಬ್ಬು ಬಿಟ್ಟು ಉಳಿದ ಘನ ಅಂಶ, ಅಂದರೆ ಎಸ್‌ಎನ್‌ಎಫ್. ಅದರಲ್ಲಿ ಇದು ಸಿಕ್ಕಿಬೀಳುವುದಿಲ್ಲ. ಹಾಗಾದರೆ ದನಕ್ಕೆ ಹಾಕಿದ್ದು ಯಾರ ಹೊಟ್ಟೆಗೆ ಬಂತು?

ನಮ್ಮ ದೇಶದಲ್ಲಿ ಹಾಲಿನಲ್ಲಿ ಎಂ1 ಒಂದು ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬ ಮಿತಿ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶಾದ್ಯಂತ 6,432 ಹಾಲಿನ ಸ್ಯಾಂಪಲ್ ಪರೀಕ್ಷೆ ಮಾಡಿಸಿತ್ತು. ಅದರಲ್ಲಿ 368 ಸ್ಯಾಂಪಲ್ ಈ ಮಿತಿ ದಾಟಿದ್ದವು. ಹಾಲಿಗೆ ನೀರು ಬೆರೆಸಿದರೆ ನಾವೆಲ್ಲ ಸಿಟ್ಟಾಗುತ್ತೇವೆ. ನೀರಿಗಿಂತ ಇದು ಎಷ್ಟೋ ಕೆಟ್ಟದ್ದು, ಆದರೆ ಯಾರೂ ಮಾತಾಡುವುದಿಲ್ಲ.

ಇದು ಹೊಸ ವಿಷಯವೂ ಅಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಏನು ರೋಗ ಎಂದು ಯಾರಿಗೂ ತಿಳಿಯಲಿಲ್ಲ. ಹುಡುಕಿದಾಗ ಬ್ರೆಜಿಲ್‌ನಿಂದ ತರಿಸಿದ ನೆಲಗಡಲೆ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಈ ವಿಷ ಜಗತ್ತಿಗೆ ಗೊತ್ತಾದದ್ದೇ ಹಾಗೆ, ನಮ್ಮ ಹಟ್ಟಿಗೆ ಬಂದಂಥ ಹಿಂಡಿಯಿಂದಲೇ. 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆ ಅಕಾಲದ ಮಳೆಗೆ ಮೆಕ್ಕೆಜೋಳ ನೆನೆಯಿತು. ಬಡವರಿಗೆ ಬೇರೆ ಊಟ ಇರಲಿಲ್ಲ, ಅದನ್ನೇ ತಿಂದರು. ಅರಿಶಿನ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಜನ ಕಾಯಿಲೆ ಬಿದ್ದು 106 ಜನ ತೀರಿಕೊಂಡರು. ಅದೇ ಊಟದ ಉಳಿಕೆ ತಿಂದ ಊರಿನ ನಾಯಿಗಳಿಗೂ ಕಾಯಿಲೆ ಬಂದಿತ್ತು. ಹೀಗೆ ಒಮ್ಮೆಲೇ ಸಾಯುವಷ್ಟು ವಿಷ ಸೇರುವುದು ಅಪರೂಪ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಸೇರುವುದೇ ಹೆಚ್ಚು, ಮತ್ತು ಅದರಿಂದ ಲಿವರ್ ಕ್ಯಾನ್ಸರ್ ಬರುತ್ತದೆ. ಇದು ಅನುಮಾನದ ಮಾತಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದ್ದು. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಇನ್ನೂ ಎಷ್ಟೋ ಪಟ್ಟು.

ಹಾಗಾಗಿ ಅಡುಗೆ ಮನೆಯವರೂ ನೋಡಿ. ಕುಂದಾಪುರ, ಬೈಂದೂರು ಕಡೆ ಭತ್ತ ಕೊಯ್ದ ಗದ್ದೆಯಲ್ಲೇ ನೆಲಗಡಲೆ ಬೆಳೆಯುತ್ತಾರೆ. ಕಿತ್ತು ಒಣಗಿಸುವ ಹೊತ್ತಿಗೆ ಮಳೆ ಹನಿಯಿತೋ, ತೊಂದರೆ ಅಲ್ಲಿಂದಲೇ ಶುರು. ಸುಕ್ಕಿದ, ಬಣ್ಣ ಮಾಸಿದ, ಕಹಿಯಾದ ಕಡಲೆಯನ್ನು ಹುರಿದು ಚಟ್ನಿಗೆ ಹಾಕಬೇಡಿ. ಒಂದು ಕಹಿ ಕಡಲೆ ಬಾಯಿಗೆ ಸಿಕ್ಕಿದರೆ ಉಗಿದುಬಿಡಿ, ನುಂಗಬೇಡಿ. ಗಾಣಕ್ಕೆ ಕೊಡುವ ಕೊಬ್ಬರಿಯಲ್ಲಿ ಬೂಷ್ಟು ಹಿಡಿದದ್ದನ್ನು ಬೇರೆ ಮಾಡಿ ಎಸೆಯಿರಿ. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ, ಕೊಬ್ಬರಿಯಲ್ಲಿ ಇದ್ದದ್ದು ಸ್ವಲ್ಪ ಎಣ್ಣೆಗೂ ಬರುತ್ತದೆ. ಒಣಮೆಣಸಿನ ತೊಟ್ಟು ಬಿಡಿಸಿ ಒಳಗೆ ನೋಡಿ.

ಹಿಂಡಿ ತರುವಾಗ ನಾವು ಈಗ ಮಾಡುವುದು ಇಷ್ಟು. ಪುಡಿ ತರುವುದೇ ಇಲ್ಲ. ಇಡೀ ಬಿಲ್ಲೆಯನ್ನೇ ಕೇಳುತ್ತೇವೆ, ಅಂಗಡಿಯಲ್ಲೇ ಒಂದು ಒಡೆಸಿ ಒಳಗಿನ ಬಣ್ಣ ನೋಡುತ್ತೇವೆ. ಚೀಲದ ತಳ ಮುಟ್ಟಿ ನೋಡುತ್ತೇವೆ, ನೀರಿನ ಕಲೆ ಇದೆಯಾ ಅಂತ. ಕಂಪನಿ ಫೀಡ್ ಆದರೆ ಮಾಡಿದ ತಾರೀಕು ಮತ್ತು ಐಎಸ್‌ಐ ಗುರುತು ಇಲ್ಲದ್ದು ಬೇಡ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಸ್ಟಾಕ್ ಮಾಡುವುದಿಲ್ಲ. ತಂದದ್ದನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡುತ್ತೇವೆ. ಬಾನಿಯಲ್ಲಿ ಉಳಿದ ಒದ್ದೆ ಹಿಂಡಿಯನ್ನು ಮರುದಿನಕ್ಕೆ ಇಡದೆ ತೊಳೆದುಬಿಡುತ್ತೇವೆ. ಒಂದು ಮಾತು ನೆನಪಿರಲಿ, ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು. ದನ ಒಂದು ಹಿಂಡಿಯನ್ನು ಮೂಸಿ ಬಿಟ್ಟರೆ ಬೆಲ್ಲ ಬೆರೆಸಿ ತಿನ್ನಿಸಲು ಹೋಗಬೇಡಿ. ಅದನ್ನು ತೆಗೆದಿಟ್ಟು ಪರೀಕ್ಷೆ ಮಾಡಿಸಿ.

ಎಷ್ಟೇ ಪರಿಚಯದ ಅಂಗಡಿಯಾದರೂ ಬಿಲ್ಲು ಕೇಳಿ. ನಮ್ಮ ಹತ್ತಿರ ಬಿಲ್ಲು ಇತ್ತು, ಚೀಲದ ಫೋಟೋ ಇತ್ತು, ಲ್ಯಾಬ್ ರಿಪೋರ್ಟ್ ಇತ್ತು. ಹಾಗಾಗಿ ದೂರು ಕೊಡಲು ಆಯಿತು. ಅದು ಇನ್ನೂ ನಡೆಯುತ್ತಿದೆ, ಅದಕ್ಕೇ ಅಂಗಡಿಯ ಹೆಸರು ಇಲ್ಲಿ ಬರೆದಿಲ್ಲ. ಜೀವನಕ್ಕಾಗಿ ಸ್ವಂತ ದನ ಸಾಕುವವರನ್ನೂ ಕಾನೂನು ಗ್ರಾಹಕರು ಎಂದೇ ನೋಡುತ್ತದೆ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕರ ಸಹಾಯವಾಣಿಯವರು ದಾರಿ ಹೇಳುತ್ತಾರೆ. ಸತ್ತ ಕರುವನ್ನು ಸುಮ್ನೆ ಹೂಳಬೇಡಿ. ಪಶು ಆಸ್ಪತ್ರೆಯವರಿಂದ ಪೋಸ್ಟ್‌ಮಾರ್ಟಮ್ ಮಾಡಿಸಿ, ಬರೆಸಿಕೊಳ್ಳಿ.

ಈಗಾಗಲೇ ಅಂಥ ಹಿಂಡಿ ಹಾಕಿದ್ದೀರಿ ಎಂದು ಅನುಮಾನ ಇದ್ದರೆ ಇವತ್ತೇ ನಿಲ್ಲಿಸಿ, 1962ಕ್ಕೆ ಫೋನ್ ಮಾಡಿ ಪಶು ಡಾಕ್ಟ್ರನ್ನು ಕರೆಸಿ. ಮೇವು ಬದಲಿಸಿದ ಮೇಲೆ ಹಾಲಿನಿಂದ ವಿಷ ಹೋಗಲು ಸಾಮಾನ್ಯವಾಗಿ ಮೂರು ನಾಲ್ಕು ದಿನ ಬೇಕು. ಡಾಕ್ಟ್ರು ಸರಿ ಎನ್ನುವವರೆಗೆ ಆ ಹಾಲನ್ನು ಮನೆಗೂ ಬೇಡ, ಸೊಸೈಟಿಗೂ ಬೇಡ, ಕರುವಿಗೂ ಬೇಡ. ಚೆಲ್ಲಿ. ಉಳಿದ ಹಿಂಡಿಯಲ್ಲಿ ಪರೀಕ್ಷೆಗೆ ಒಂದು ಕಿಲೋ ತೆಗೆದಿಟ್ಟು, ಬಾಕಿಯದನ್ನು ಕೋಳಿಗೆ ನಾಯಿಗೆ ಸಿಗದ ಹಾಗೆ ಆಳವಾಗಿ ಹೂತುಹಾಕಿ.