ಆನ್‌ಲೈನ್ ಕೋರ್ಸ್‌ಗೆ ಬಾಡಿಗೆ ಪ್ಲಾಟ್‌ಫಾರ್ಮಾ, ಸ್ವಂತ ಮೂಡಲ್ಲಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂಡಲ್‌ಗೆ, ಅಂದರೆ ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು ಕೋರ್ಸ್ ನಡೆಸುವ ತಂತ್ರಾಂಶಕ್ಕೆ. ಒಂಬತ್ತು ತಿಂಗಳು ಒಂದು ಪ್ಲಾಟ್‌ಫಾರ್ಮ್‌ಗೆ ಬಾಡಿಗೆ ಕಟ್ಟಿ, ಆಮೇಲೆ ಈ ಕಡೆ ಬಂದವನು ನಾನು.

ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊರಗಿನವರಿಗೆ ಕನ್ನಡ ಕಲಿಸುತ್ತೇನೆ. ವರ್ಷಕ್ಕೆ ಎರಡು ಬ್ಯಾಚ್, ಬ್ಯಾಚಿಗೆ ಹೆಚ್ಚೆಂದರೆ 30 ಜನ.

ಬಾಡಿಗೆ ಪ್ಲಾಟ್‌ಫಾರ್ಮ್ ಶುರುವಿನಲ್ಲಿ ತುಂಬಾ ಸುಲಭ. ಒಂದೇ ಸಂಜೆಯಲ್ಲಿ ವಿಡಿಯೊ ಹಾಕಿ, ಬೆಲೆ ಇಟ್ಟು, ಲಿಂಕ್ ಕಳಿಸಿದ್ದೆ. ಯುಪಿಐನಲ್ಲಿ ದುಡ್ಡು ಬರುತ್ತಿತ್ತು, ರಸೀದಿ ತಾನಾಗಿಯೇ ಹೋಗುತ್ತಿತ್ತು. ಆ ಒಂದು ಅನುಕೂಲ ಈಗಲೂ ನೆನಪಾಗುತ್ತದೆ.

ತೊಂದರೆ ಬಂದಿದ್ದು ಕ್ವಿಜ್‌ನಲ್ಲಿ. ಒಂದು ರಾತ್ರಿ ವಿದ್ಯಾರ್ಥಿನಿಯೊಬ್ಬರು ಸ್ಕ್ರೀನ್‌ಶಾಟ್ ಕಳಿಸಿದರು. ಅವರು ಬರೆದಿದ್ದು ‘ಹೋಗುತ್ತೇನೆ’. ಪಕ್ಕದಲ್ಲಿ ಕೆಂಪು ಗುರುತು. ಕೆಳಗೆ ಸರಿ ಉತ್ತರ: ‘ಹೋಗುತ್ತೇನೆ’. “ಸರ್, ನಾನು ಏನು ತಪ್ಪು ಮಾಡಿದೆ?” ಅಂತ ಕೇಳಿದ್ದರು. ಕಣ್ಣು ಬಿಟ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ. ಹೊಸದಾಗಿ ಕಲಿಯುವವರಿಗೆ ಇದು ಎಷ್ಟು ನೋವು, ಯೋಚಿಸಿ. ಸರಿಯಾಗಿ ಬರೆದೂ ತಮ್ಮ ಮೇಲೇ ಅನುಮಾನ ಪಡುತ್ತಾರೆ.

ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ನನ್ನ ಪ್ರಶ್ನೆಗಳೆಲ್ಲ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫೈಲ್‌ನಲ್ಲಿದ್ದವು, ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡಿದ್ದೆ. ನುಡಿಯ ಹಳೆ ಫಾಂಟ್‌ನಲ್ಲಿ ದೀರ್ಘದ ಗುರುತು ಬೇರೆಯದೇ ಅಕ್ಷರ. ಹಾಗಾಗಿ ನನ್ನ ಉತ್ತರದ ‘ತ್ತೇ’ಯಲ್ಲಿ ಮೊದಲು ಎತ್ವ, ಅದರ ಹಿಂದೆ ದೀರ್ಘ, ಹೀಗೆ ಎರಡು ಕೋಡ್ ಕೂತಿದ್ದವು. ಫೋನಿನಲ್ಲಿ ಟೈಪ್ ಮಾಡಿದವರದ್ದು ಏತ್ವದ ಒಂದೇ ಕೋಡ್. ಕಣ್ಣಿಗೆ ಎರಡೂ ಒಂದೇ, ಪ್ಲಾಟ್‌ಫಾರ್ಮ್‌ಗೆ ಬೇರೆ ಬೇರೆ. ಸಹಾಯ ಕೇಂದ್ರಕ್ಕೆ ನಾಲ್ಕು ಸಲ ಬರೆದೆ. ಬ್ರೌಸರ್ ಬದಲಿಸಿ ನೋಡಿ ಅಂದರು. ಕೊನೆಗೆ ಆ ಬ್ಯಾಚಿನ ಅಂಕಗಳನ್ನು ಕೈಯಲ್ಲೇ ತಿದ್ದಿದೆ.

ಮೂಡಲ್‌ನ ಕಿರು ಉತ್ತರದ ಪ್ರಶ್ನೆಯಲ್ಲಿ ಈ ತಾಪತ್ರಯವಿಲ್ಲ. ಹೋಲಿಸುವ ಮೊದಲೇ ಅದು ಎರಡೂ ಕಡೆಯ ಅಕ್ಷರಗಳನ್ನು ಒಂದೇ ರೂಪಕ್ಕೆ ತಂದುಕೊಳ್ಳುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಒಂದೇ ಪ್ರಶ್ನೆಗೆ ಹಲವು ಉತ್ತರ ಕೊಡಬಹುದು, ಒಂದೊಂದಕ್ಕೂ ಬೇರೆ ಅಂಕ ಇಡಬಹುದು. ‘ಹೋಗುತ್ತೇನೆ’ಗೆ ಪೂರ್ತಿ ಅಂಕ, ‘ಹೋಗ್ತೀನಿ’ಗೂ ಪೂರ್ತಿ, ‘ಹೋಗುತ್ತಾನೆ’ ಅಂದರೆ ಅರ್ಧ, ಜೊತೆಗೆ “ಇದು ‘ಅವನು’ ಬಂದಾಗ” ಅಂತ ಒಂದು ಸಾಲು. ಬೀದಿಯಲ್ಲಿ ಆಡುವ ಕನ್ನಡವನ್ನು ತಪ್ಪು ಅನ್ನದೆ ಕಲಿಸಬಹುದು, ಅಲ್ವಾ?

200 ಪ್ರಶ್ನೆಗಳನ್ನು ಗಿಫ್ಟ್ ಎನ್ನುವ ಸಾದಾ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಒಂದೇ ಸಲಕ್ಕೆ ಏರಿಸಿದೆ. ಆಯ್ಕೆಯ ಪ್ರಶ್ನೆಯಾದರೆ ಸರಿ ಉತ್ತರದ ಮುಂದೆ =, ತಪ್ಪಿನ ಮುಂದೆ ~; ಕಿರು ಉತ್ತರದ್ದಾದರೆ ಎಲ್ಲ ಉತ್ತರದ ಮುಂದೆಯೂ =, ಅಷ್ಟೇ. ಇಡೀ ಕೋರ್ಸ್ ಒಂದೇ ಬ್ಯಾಕಪ್ ಫೈಲ್ ಆಗಿ ನನ್ನ ಪೆನ್‌ಡ್ರೈವ್‌ನಲ್ಲಿದೆ. ಬಾಡಿಗೆ ಜಾಗದಿಂದ ಹೊರಡುವಾಗ ವಿಡಿಯೊ ಸಿಕ್ಕವು, ಹೆಸರಿನ ಪಟ್ಟಿ ಸಿಕ್ಕಿತು, ಕ್ವಿಜ್ ಒಂದೂ ಸಿಗಲಿಲ್ಲ.

ಮೂಡಲ್ 2002ರಿಂದ ಇರುವ ಮುಕ್ತ ತಂತ್ರಾಂಶ, ಅದಕ್ಕೆ ದುಡ್ಡಿಲ್ಲ. ಸರ್ವರ್ ಮಾತ್ರ ನಾವೇ ನೋಡಿಕೊಳ್ಳಬೇಕು. ಸರ್ವರ್‌ನಲ್ಲಿ ಹೊತ್ತುಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಅನ್ನುವುದನ್ನು ನಿಮಿಷಕ್ಕೊಮ್ಮೆ ಓಡುವ ಹಾಗೆ ಇಡದಿದ್ದರೆ ಫೋರಂನ ಮೇಲ್‌ಗಳು ಹೋಗುವುದೇ ಇಲ್ಲ. ನನಗೆ ಅಕ್ಕನ ಮಗ ಒಂದು ಭಾನುವಾರ ಕೂತು ಎಲ್ಲ ಮಾಡಿಕೊಟ್ಟ. ಅಂಥವರು ಯಾರೂ ಇಲ್ಲದಿದ್ದರೆ ಸುಮ್ನೆ ಕೈ ಹಾಕಬೇಡಿ.

ಗೂಗಲ್ ಕ್ಲಾಸ್‌ರೂಮ್ ಕೂಡ ನೋಡಿದೆ. ಶಾಲೆಗೆ ಚೆನ್ನ, ಆದರೆ ಕೋರ್ಸ್ ಮಾರುವ ವ್ಯವಸ್ಥೆ ಅದರಲ್ಲಿಲ್ಲ.

ಖರ್ಚು ಹೇಳಬೇಕೆಂದರೆ, ಮೊದಲು ತಿಂಗಳಿಗೆ 2,000 ರೂಪಾಯಿ, ಮೇಲೆ 18% ಜಿಎಸ್‌ಟಿ, ಕ್ಲಾಸ್ ಇಲ್ಲದ ತಿಂಗಳಿಗೂ ಸೇರಿ. ಈಗ ಸರ್ವರ್‌ಗೆ 600. ಫೀಸನ್ನು ನೇರ ಯುಪಿಐನಲ್ಲಿ ಪಡೆದು, ಒಬ್ಬೊಬ್ಬರ ಹೆಸರನ್ನೂ ನಾನೇ ಸೇರಿಸುತ್ತೇನೆ. 30 ಜನಕ್ಕೆ ಅರ್ಧ ಗಂಟೆ ಸಾಕು. 300 ಜನ ಬರುವ ಹಾಗಿದ್ದರೆ ನಾನೂ ಬಾಡಿಗೆ ಕಡೆಗೇ ಹೋಗುತ್ತಿದ್ದೆನೇನೋ. ಹಾಗೆ ಹೋಗುವವರು ದುಡ್ಡು ಕಟ್ಟುವ ಮೊದಲು ‘ಹೋಗುತ್ತೇನೆ’ ಅನ್ನುವುದನ್ನು ಹಳೆ ಫೈಲ್‌ನಿಂದ ಒಮ್ಮೆ, ಫೋನಿನಿಂದ ಒಮ್ಮೆ ಹಾಕಿ ನೋಡಿ.