ನೋಂದಣಿ ಫಲಕದ ಆಚೆಗೆ: ಎನ್‌ಡಿಐಎಸ್ ಸೇವೆಯ ಎರಡು ವರ್ಷ

ಆಸ್ಟ್ರೇಲಿಯಾದಲ್ಲಿ ಎಲ್ಲರೂ ಎನ್‌ಡಿಐಎಸ್ ಎಂದೇ ಕರೆಯುವ ರಾಷ್ಟ್ರೀಯ ಅಂಗವಿಕಲರ ವಿಮಾ ಯೋಜನೆ 2013ರ ಕಾಯ್ದೆಯಡಿ ಬಂದದ್ದು. ಹೆಸರಿನಲ್ಲಿ ವಿಮೆ ಇದ್ದರೂ ಇದಕ್ಕೆ ಕಂತು ಕಟ್ಟುವುದಿಲ್ಲ. ಸರ್ಕಾರದ ಹಣ ವ್ಯಕ್ತಿಯ ಹೆಸರಿಗೆ ‘ಪ್ಲ್ಯಾನ್’ ಆಗಿ ಮಂಜೂರಾಗುತ್ತದೆ, ಅದರಲ್ಲಿ ಯಾರ ಸೇವೆ ಪಡೆಯಬೇಕೆಂಬುದನ್ನು ಬಹುಮಟ್ಟಿಗೆ ಕುಟುಂಬವೇ ತೀರ್ಮಾನಿಸಬಹುದು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇರುವ ನನ್ನ ಮಗನಿಗಾಗಿ ನಾವು ಎರಡು ವರ್ಷಗಳಿಂದ ನೋಂದಾಯಿತ ಸಂಸ್ಥೆಯೊಂದರ ದಿನನಿತ್ಯದ ಆರೈಕೆಗೆ ನೆರವಾಗುವ ಸಪೋರ್ಟ್ ವರ್ಕರ್‌ಗಳನ್ನು ಕರೆಸಿಕೊಳ್ಳುತ್ತಿದ್ದೇವೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಕಡಿಮೆ ಮಾಡಿದ ಎರಡು ಅಂಕಗಳ ಲೆಕ್ಕವನ್ನು ವಿವರವಾಗಿಯೇ ಹೇಳಬೇಕು.

ಮೊದಲ ವರ್ಷ ಬರುತ್ತಿದ್ದ ಹುಡುಗ ಕೆಲಸದಲ್ಲಿ ಅಚ್ಚುಕಟ್ಟು. ಹಾಯ್ಸ್ಟ್‌ನ (ವ್ಯಕ್ತಿಯನ್ನು ಎತ್ತುವ ಯಂತ್ರದ) ಪಟ್ಟಿಯನ್ನು ತೊಡೆಯ ಕೆಳಗೆ ಸುಕ್ಕಿಲ್ಲದಂತೆ ಹಾಸಿ, ಎತ್ತುವ ಮೊದಲು ಮಗನಿಗೆ ಹೇಳಿ, ಅವನು ಕಣ್ಣು ಮಿಟುಕಿಸಿ ಒಪ್ಪಿದ ಮೇಲೆಯೇ ಗುಂಡಿ ಒತ್ತುತ್ತಿದ್ದ. ಆ ಹುಡುಗ ಕೆಲಸ ಬಿಟ್ಟ ನಂತರ ಪಾಳಿಯ ರೋಸ್ಟರ್‌ನಲ್ಲಿ ವಾರಕ್ಕೊಂದು ಹೊಸ ಹೆಸರು ಕಾಣತೊಡಗಿತು. ತೆಳು ದ್ರವ ಶ್ವಾಸನಾಳಕ್ಕೆ ಇಳಿಯುವ ಅಪಾಯವಿರುವುದರಿಂದ ಮಗ ಕುಡಿಯುವ ಎಲ್ಲದಕ್ಕೂ ಪುಡಿ ಬೆರೆಸಿ ಮಂದ ಮಾಡಬೇಕು, ಮತ್ತು ವಾಕ್‌ಚಿಕಿತ್ಸಕರು ಬರೆದುಕೊಟ್ಟ ಆ ಸೂಚನೆ ಅಡುಗೆಮನೆಯ ಕಟ್ಟೆಯ ಮೇಲಿನ ಫೈಲಿನಲ್ಲಿ ಮೊದಲ ಪುಟವಾಗಿಯೇ ಇದೆ. ಹೊಸಬರೊಬ್ಬರು ಅದನ್ನು ತೆರೆಯದೆ ಬರಿಯ ನೀರು ಕುಡಿಸಿದರು. ನೀರು ನೆತ್ತಿಗೇರಿ ಮಗ ನೀಲಿಗಟ್ಟುವಷ್ಟು ಕೆಮ್ಮಿದ. ಅಂದಿನ ಶಿಫ್ಟ್ ನೋಟ್‌ನಲ್ಲಿ ಇದ್ದದ್ದು ಒಂದೇ ಸಾಲು: ‘ಊಟ ಚೆನ್ನಾಗಿ ಮಾಡಿದ.’

ಸೇವೆಯ ಗುಣಮಟ್ಟವನ್ನು ನೋಡಿಕೊಳ್ಳುವುದು ಎನ್‌ಡಿಐಎಸ್ ಗುಣಮಟ್ಟ ಮತ್ತು ಸುರಕ್ಷತಾ ಆಯೋಗ. ಅದು 2018ರ ಜುಲೈ 1ರಂದು ಮೊದಲು ನ್ಯೂ ಸೌತ್ ವೇಲ್ಸ್ ಮತ್ತು ದಕ್ಷಿಣ ಆಸ್ಟ್ರೇಲಿಯಾಗಳಲ್ಲಿ ಕೆಲಸ ಆರಂಭಿಸಿತು. ಪ್ಲ್ಯಾನ್ ಮಂಜೂರು ಮಾಡುವ, ದರದ ಮಿತಿ ನಿಗದಿಪಡಿಸುವ ಏಜೆನ್ಸಿಯೇ ಬೇರೆ. ಹೊಸದಾಗಿ ಬಂದ ಕುಟುಂಬಗಳು ಇಲ್ಲಿಯೇ ಎಡವಿ, ಆರೈಕೆಯ ದೂರನ್ನು ಏಜೆನ್ಸಿಗೆ ಬರೆದು ಉತ್ತರಕ್ಕಾಗಿ ಕಾಯುತ್ತಾ ಕೂರುತ್ತವೆ. ನೋಂದಾಯಿತ ಸಂಸ್ಥೆಗಳನ್ನು ಆಯೋಗ ಒಪ್ಪಿದ ಗುಣಮಟ್ಟ ಪರಿಶೋಧಕರು (ಆಡಿಟರ್‌ಗಳು) ಪರಿಶೀಲಿಸುತ್ತಾರೆ. ಸಾವು, ಗಂಭೀರ ಗಾಯ, ದೌರ್ಜನ್ಯ, ನಿರ್ಲಕ್ಷ್ಯದಂತಹ ಘಟನೆಗಳನ್ನು ಈ ಸಂಸ್ಥೆಗಳು ತಮಗೆ ತಿಳಿದ 24 ಗಂಟೆಯೊಳಗೆ ಆಯೋಗಕ್ಕೆ ವರದಿ ಮಾಡಲೇಬೇಕು. ನೋಂದಣಿ ಇಲ್ಲದವರಿಂದಲೂ ಅನೇಕ ಸೇವೆಗಳನ್ನು ಕೊಳ್ಳಲು ಅವಕಾಶವಿದೆ. ನಡತೆ ಸಂಹಿತೆ ಅವರಿಗೂ ಅನ್ವಯಿಸುತ್ತದೆ, ಆದರೆ ಆಡಿಟ್ ಇಲ್ಲ. ಆ ಕಾರಣಕ್ಕೇ ನಾವು ನೋಂದಾಯಿತರನ್ನು ಆರಿಸಿದ್ದು.

ಆಡಿಟ್ ನೋಡುವುದು ಹೆಚ್ಚಾಗಿ ಕಾಗದವನ್ನು ಎಂಬುದು ಆ ದಿನದ ನಂತರ ನನಗೆ ಮನವರಿಕೆಯಾಯಿತು. ಊಟದ ನಿರ್ವಹಣೆಯ ಬಗ್ಗೆ ಸೇವಾ ಮಾನದಂಡಗಳಲ್ಲಿ ಪ್ರತ್ಯೇಕ ಭಾಗವೇ ಇದೆ, ನಮ್ಮ ಸಂಸ್ಥೆಯ ಬಳಿ ಅದಕ್ಕೆ ತಕ್ಕ ನೀತಿಪತ್ರವೂ ಇತ್ತು. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆಯೂ ಆಗಿತ್ತು. ಆ ಪರಿಶೀಲನೆ ಬಂದವರು ಅಪಾಯಕಾರಿಯೇ ಎಂದು ಹೇಳೀತೇ ಹೊರತು, ಪುಡಿಯನ್ನು ಎಷ್ಟು ಚಮಚ ಹಾಕಬೇಕೆಂದು ಅವರಿಗೆ ಗೊತ್ತಿದೆಯೇ ಎಂದು ಹೇಳುವುದಿಲ್ಲ.

ಸಂಸ್ಥೆಗೆ ಬರೆದ ದೂರಿಗೆ ಎರಡು ವಾರ ಉತ್ತರ ಬರಲಿಲ್ಲ, ಇನ್‌ವಾಯ್ಸ್ ಮಾತ್ರ ತಪ್ಪದೆ ಬಂತು. ಆಯೋಗಕ್ಕೆ ಫೋನ್ ಮಾಡಿದಾಗ ದುಭಾಷಿಯ ನೆರವು ಬೇಕೇ ಎಂದು ಕೇಳಿದರು, ಸಮಾಧಾನದಿಂದ ಬರೆದುಕೊಂಡರು. ಕೆಲವೇ ದಿನಗಳಲ್ಲಿ ಸಂಸ್ಥೆಯ ಮ್ಯಾನೇಜರ್ ಮನೆಗೆ ಬಂದು ಕ್ಷಮೆ ಕೇಳಿ, ಮೂವರು ಕಾರ್ಯಕರ್ತರಿಗೆ ನಮ್ಮ ಮನೆಯಲ್ಲಿಯೇ ವಾಕ್‌ಚಿಕಿತ್ಸಕರಿಂದ ತರಬೇತಿ ಕೊಡಿಸಿದರು. ಈಗ ಆ ಮೂವರೇ ಬರುತ್ತಾರೆ, ಮೂರನೆಯ ಅಂಕ ಅವರದ್ದು.

ಸೇವಾ ಒಪ್ಪಂದ ಮುಂದಿನ ತಿಂಗಳು ನವೀಕರಣಕ್ಕೆ ಬರುತ್ತದೆ. ಹೊಸಬರು ಯಾರೇ ಬಂದರೂ ಮೊದಲು ಒಂದು ಪಾಳಿ ಹಳಬರ ಜೊತೆಗಿರಬೇಕು, ಆ ಪಾಳಿಯ ಹಣವನ್ನು ಮಗನ ಪ್ಲ್ಯಾನ್‌ನಿಂದ ಕತ್ತರಿಸಬಾರದು ಎಂಬ ಷರತ್ತನ್ನು ಸೇರಿಸಿ ಕಳಿಸಿದ್ದೇನೆ. ಅವರ ಸಹಿ ಇನ್ನೂ ಬಂದಿಲ್ಲ.