ಪುಟದ ವಿನ್ಯಾಸ ಎಲ್ಲಿ ಕೂತಿದೆ? ವರ್ಡ್, ರೈಟರ್, ಫ್ರೇಮ್‌ಮೇಕರ್ ಹೋಲಿಕೆ

ಒಂದು ದಪ್ಪ ಕೈಪಿಡಿಯನ್ನು ಅಚ್ಚಿಗೆ ಸಿದ್ಧ ಮಾಡಬೇಕಿತ್ತು. ಬೇಕಾಗಿದ್ದೆಲ್ಲ ಮಾಮೂಲಿ ಸಂಗತಿಗಳೇ. ಮುಖಪುಟಕ್ಕೆ ಹೆಡರ್ (ಪುಟದ ಮೇಲಂಚಿನ ಸಾಲು) ಇರಬಾರದು. ಮುನ್ನುಡಿ, ಪರಿವಿಡಿಗೆ ರೋಮನ್ ಅಂಕಿ. ಪ್ರತಿ ಅಧ್ಯಾಯ ಬಲಪುಟದಲ್ಲೇ ಶುರುವಾಗಬೇಕು, ಆ ಮೊದಲ ಪುಟದಲ್ಲೂ ಹೆಡರ್ ಬೇಡ. ನಡುವೆ ಒಂದು ಅಗಲದ ಪಟ್ಟಿ (ಟೇಬಲ್), ಅದಕ್ಕೆ ಅಡ್ಡ ಪುಟ. ಇದೇ ಫೈಲನ್ನು ಬೇರೆ ಬೇರೆ ತಂತ್ರಾಂಶಗಳಲ್ಲಿ ಕಟ್ಟಿ ನೋಡಿದೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮಾಸ್ಟರ್ ಪೇಜ್, ಅಂದರೆ ಒಮ್ಮೆ ವಿನ್ಯಾಸ ಮಾಡಿಟ್ಟು ಹಲವು ಪುಟಗಳಿಗೆ ಬಳಸುವ ಮಾದರಿ ಪುಟ, ಅನ್ನುವುದೇ ಇಲ್ಲ. ಆ ಕೆಲಸವನ್ನು ಸೆಕ್ಷನ್‌ಗಳು, ಅಂದರೆ ನಡುವೆ 'ಬ್ರೇಕ್' ಎಂಬ ಗುರುತು ಹಾಕಿ ಬೇರ್ಪಡಿಸಿದ ಭಾಗಗಳು, ಮಾಡುತ್ತವೆ. ಲೇಔಟ್ ಟ್ಯಾಬ್‌ನ ಬ್ರೇಕ್ಸ್‌ನಲ್ಲಿ 'ಆಡ್ ಪೇಜ್' (Odd Page) ಆರಿಸಿದರೆ ಮುಂದಿನ ಅಧ್ಯಾಯ ಬೆಸ ಸಂಖ್ಯೆಯ ಪುಟಕ್ಕೆ, ಅಂದರೆ ಬಲಗಡೆಗೆ ಹೋಗುತ್ತದೆ. 'ಡಿಫರೆಂಟ್ ಫಸ್ಟ್ ಪೇಜ್'ಗೆ ಟಿಕ್ ಹಾಕಿದರೆ ಮೊದಲ ಪುಟದ ಹೆಡರ್ ಬೇರೆಯಾಗುತ್ತದೆ. ಕಟ್ಟುವಾಗ ಏನೂ ಕಷ್ಟವಿಲ್ಲ.

ತಿದ್ದುವಾಗ ಇದೆ ಮಜಾ. ಒಂದು ಸೆಕ್ಷನ್‌ನ ಪುಟದ ಅಳತೆ, ದಿಕ್ಕು, ಮಾರ್ಜಿನ್ ಎಲ್ಲವನ್ನೂ ವರ್ಡ್ ಆ ಸೆಕ್ಷನ್‌ನ ಕೊನೆಯಲ್ಲಿರುವ ಬ್ರೇಕ್‌ನಲ್ಲಿ ಬಚ್ಚಿಟ್ಟಿರುತ್ತದೆ. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಹಾಗೆ. ಅಡ್ಡ ಪಟ್ಟಿಗೆ ಮುಂಚೆ ಇರುವ ಬ್ರೇಕ್ ಅಳಿಸಿ ನೋಡಿ. ಪಟ್ಟಿಗೆ ಏನೂ ಆಗುವುದಿಲ್ಲ, ಅದರ ಹಿಂದಿನ ಅಧ್ಯಾಯ ಪೂರ್ತಿ ಅಡ್ಡಡ್ಡ ಮಲಗಿಬಿಡುತ್ತದೆ! ಬ್ರೇಕ್ ಹೋದ ಮೇಲೆ ಹಿಂದಿನ ಪಠ್ಯ ಮುಂದಿನ ಸೆಕ್ಷನ್‌ನ ರೂಪ ತೊಡುತ್ತದೆ, ಅಷ್ಟೇ. ಕಾರಣ ಗೊತ್ತಿಲ್ಲದವರಿಗೆ ಇದು ಮಾಟದಂತೆ ಕಾಣುತ್ತದೆ.

ಹೆಡರ್‌ಗಳದ್ದು ಇನ್ನೊಂದು ಕಥೆ. ಒಂದೊಂದು ಸೆಕ್ಷನ್‌ಗೆ ಮೊದಲ ಪುಟ, ಬೆಸ ಪುಟ, ಸಮ ಪುಟ ಅಂತ ಮೂರು ಹೆಡರ್. ಮೂರಕ್ಕೂ ಬೇರೆ ಬೇರೆ 'ಲಿಂಕ್ ಟು ಪ್ರೀವಿಯಸ್', ಅಂದರೆ ಹಿಂದಿನ ಸೆಕ್ಷನ್‌ನ ಹೆಡರ್ ಜೊತೆಗಿನ ಕೊಂಡಿ. ಒಂದು ಕಡೆ ಲಿಂಕ್ ಬಿಡಿಸದೆ ಹೆಸರು ಬದಲಿಸಿದರೆ ಹಿಂದಿನ ಅಧ್ಯಾಯದ ಹೆಸರೂ ಬದಲಾಗುತ್ತದೆ. ಇದಕ್ಕೆ ಒಳ್ಳೆ ಮದ್ದು ಸ್ಟೈಲ್‌ರೆಫ್ ಫೀಲ್ಡ್. ಹೆಡರ್‌ನಲ್ಲಿ ಅದನ್ನು ಹಾಕಿ, ಅಧ್ಯಾಯದ ಶೀರ್ಷಿಕೆಗೆ ಕೊಟ್ಟಿರುವ ಸ್ಟೈಲ್ 'ಹೆಡಿಂಗ್ 1' ಅಂತ ತೋರಿಸಿದರೆ ಆಯಾ ಅಧ್ಯಾಯದ ಹೆಸರು ತಾನೇ ಬಂದು ಕೂರುತ್ತದೆ. ಆಗ ಲಿಂಕ್ ಬಿಡಿಸುವ ಅಗತ್ಯವೇ ಇಲ್ಲ. ವರ್ಡ್‌ನಲ್ಲೇ ಇರಬೇಕಾದವರು ಇದೊಂದನ್ನು ಕಲಿತರೂ ಸಾಕು.

ಲಿಬ್ರೆಆಫೀಸ್ ರೈಟರ್ ಯೋಚಿಸುವ ಬಗೆಯೇ ಬೇರೆ. ಇಲ್ಲಿ ಪುಟಕ್ಕೇ ಒಂದು ಸ್ಟೈಲ್ (ಮಾರ್ಜಿನ್, ದಿಕ್ಕು, ಹೆಡರ್‌ಗಳ ಒಂದು ಕಟ್ಟು), ಅದಕ್ಕೊಂದು ಹೆಸರು. ಎಫ್ 11 ಒತ್ತಿ, ಪೇಜ್ ಸ್ಟೈಲ್‌ಗಳ ಪಟ್ಟಿಗೆ ಹೋಗಿ. ನಾನು 'ಅಧ್ಯಾಯದ ಮೊದಲ ಪುಟ' ಅಂತ ಹೊಸದೊಂದು ಮಾಡಿದೆ. ಹೆಡರ್ ಇಲ್ಲ, ಪೇಜ್ ಲೇಔಟ್ 'ಓನ್ಲಿ ರೈಟ್', ನೆಕ್ಸ್ಟ್ ಸ್ಟೈಲ್ ಮಾಮೂಲಿ ಪುಟ. ಆಮೇಲೆ 'ಹೆಡಿಂಗ್ 1' ಪ್ಯಾರಾಗ್ರಾಫ್ ಸ್ಟೈಲ್‌ನ 'ಟೆಕ್ಸ್ಟ್ ಫ್ಲೋ' ಟ್ಯಾಬ್‌ನಲ್ಲಿ, ಈ ಪೇಜ್ ಸ್ಟೈಲ್ ಜೊತೆ ಬ್ರೇಕ್ ಬರಲಿ ಅಂತ ಹೇಳಿದೆ. ಅಲ್ಲಿಗೆ ಮುಗೀತು. ಯಾವ ಸಾಲಿಗೆ ಹೆಡಿಂಗ್ 1 ಕೊಟ್ಟರೂ ಅದು ಬಲಪುಟಕ್ಕೆ ಜಿಗಿಯುತ್ತದೆ. ಹೆಡರ್ ಮಾಯವಾಗುತ್ತದೆ, ಮುಂದಿನ ಪುಟದಲ್ಲಿ ಮತ್ತೆ ಬರುತ್ತದೆ. ಅಧ್ಯಾಯಗಳನ್ನು ಹಿಂದೆ ಮುಂದೆ ಮಾಡಿದರೂ ಏನೂ ಕೆಡಲಿಲ್ಲ. ಮಾರ್ಜಿನ್ ಬದಲಿಸಬೇಕಾದರೂ ಎರಡು ಮೂರು ಸ್ಟೈಲ್ ತೆರೆದರೆ ಸಾಕು.

ಇಲ್ಲಿ ಬ್ರೇಕ್ ಅಂಟಿಕೊಂಡಿರುವುದು ಮುಂದೆ ಬರುವ ಪ್ಯಾರಾ ಅಥವಾ ಪಟ್ಟಿಗೆ. ಹಾಗಾಗಿ ಅದನ್ನು ತೆಗೆದರೆ ಪಟ್ಟಿಯೇ ಉದ್ದ ಪುಟಕ್ಕೆ ಬರುತ್ತದೆ, ಹಿಂದಿನ ಅಧ್ಯಾಯದ ತಂಟೆಗೆ ಹೋಗುವುದಿಲ್ಲ. ನನ್ನ ಮಟ್ಟಿಗೆ ರೈಟರ್ ಗೆದ್ದದ್ದು ಇಲ್ಲೇ.

ಹಾಗಂತ ಕಾಟ ಇಲ್ಲವೇ ಇಲ್ಲ ಅಂತಲ್ಲ. ಬ್ರೇಕ್ ಹಾಕದೆ ಸುಮ್ನೆ 'ಲ್ಯಾಂಡ್‌ಸ್ಕೇಪ್' ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಕ್ಕಪಕ್ಕದ ಪುಟಗಳೂ ಮಲಗುತ್ತವೆ. ಪುಟ ಸಂಖ್ಯೆಯನ್ನು 1ರಿಂದ ಮತ್ತೆ ಶುರು ಮಾಡುವ ಆಯ್ಕೆ ಇರುವುದೂ ಬ್ರೇಕ್‌ನಲ್ಲೇ. ಅದನ್ನು ಮೊದಲ ಅಧ್ಯಾಯದ ಶೀರ್ಷಿಕೆಗೆ ಮಾತ್ರ ಕೊಡಬೇಕು. ಹೆಡಿಂಗ್ ಸ್ಟೈಲ್‌ಗೇ ಕೊಟ್ಟರೆ ಎಲ್ಲ ಅಧ್ಯಾಯಗಳೂ ಒಂದನೇ ಪುಟ ಆಗಿಬಿಡುತ್ತವೆ.

ಅಡೋಬಿ ಫ್ರೇಮ್‌ಮೇಕರ್‌ನಲ್ಲಿ ಮಾತ್ರ ಅಸಲಿ ಮಾಸ್ಟರ್ ಪೇಜ್ ಸಿಗುತ್ತದೆ. ಎಡ, ಬಲ ಪುಟಗಳನ್ನು ಪ್ರತ್ಯೇಕ ಹಾಳೆಗಳಾಗಿ ತೆರೆದು, ಚೌಕಟ್ಟು ಎಳೆದು, ಹೆಡರ್ ಇಟ್ಟು ಬರಬಹುದು. ಯಾವ ಪ್ಯಾರಾಗ್ರಾಫ್ ಟ್ಯಾಗ್ (ಪ್ಯಾರಾ ಸ್ಟೈಲ್‌ನ ಹೆಸರು) ಇದ್ದರೆ ಯಾವ ಮಾಸ್ಟರ್ ಅಂತ ರೆಫರೆನ್ಸ್ ಪೇಜ್ ಎಂಬ, ಅಚ್ಚಾಗದ ಪುಟದಲ್ಲಿ ಒಂದು ಕೋಷ್ಟಕ ಬರೆದಿಡಬಹುದು. ಆದರೆ ಅದು ತಾನಾಗಿ ಜಾರಿಯಾಗುವುದಿಲ್ಲ. ಪಠ್ಯ ಬದಲಾದ ಮೇಲೆ 'ಅಪ್ಲೈ ಮಾಸ್ಟರ್ ಪೇಜಸ್' ಆಜ್ಞೆ ಕೊಡಬೇಕು. ದುಡ್ಡು ಕೊಡಬೇಕು, ವಿಂಡೋಸ್ ಬೇಕು, ಕಲಿಯುವುದೂ ಜಾಸ್ತಿ. ವರ್ಷವಿಡೀ ಕೈಪಿಡಿಗಳನ್ನೇ ಬರೆಯುವವರಿಗೆ ಸರಿ, ಒಂದೆರಡು ಪುಸ್ತಕಕ್ಕೆ ಇಷ್ಟೆಲ್ಲ ಯಾಕೆ, ಅಲ್ವಾ?

ಗೂಗಲ್ ಡಾಕ್ಸ್‌ನಲ್ಲೂ ಸೆಕ್ಷನ್ ಬ್ರೇಕ್ ಇದೆ, ಅಡ್ಡ ಪುಟವೂ ಆಗುತ್ತದೆ. ಆದರೆ ಬ್ರೇಕ್ ಎರಡೇ ಬಗೆ: ಮುಂದಿನ ಪುಟ, ಇಲ್ಲವೇ ಅದೇ ಪುಟ. ಬಲಪುಟದ ಲೆಕ್ಕವನ್ನು ಕೈಯಾರೆ ಮಾಡಬೇಕು. ಅಲ್ಲಿಗೇ ಬಿಟ್ಟೆ.

ಫೈಲ್ ಬೇರೆಯವರ ವರ್ಡ್‌ಗೆ ಹೋಗಿ ಬರುವುದಿದ್ದರೆ ರೈಟರ್ ಸಹವಾಸ ಬೇಡ. ಡಾಕ್ಸ್‌ಎಕ್ಸ್ (ವರ್ಡ್‌ನ ಫೈಲ್ ರೂಪ) ಆಗಿ ಹೋಗಿ ವಾಪಸ್ ಬಂದಾಗ ಪೇಜ್ ಸ್ಟೈಲ್‌ಗಳ ಪಟ್ಟಿಯಲ್ಲಿ 'ಕನ್ವರ್ಟೆಡ್1', 'ಕನ್ವರ್ಟೆಡ್2' ಅಂತ ಗುರುತಿಲ್ಲದ ಹೆಸರುಗಳು ಸಾಲಾಗಿ ಕೂತಿರುತ್ತವೆ. ಅಂಥ ಕೆಲಸವನ್ನು ಮೊದಲಿಂದ ವರ್ಡ್‌ನಲ್ಲೇ ಮಾಡಿ. ನೇರವಾಗಿ ಪಿಡಿಎಫ್ ಮಾಡಿ ಪ್ರೆಸ್‌ಗೆ ಕೊಡುವುದಾದರೆ ರೈಟರ್ ಹಿಡಿಯಿರಿ. ಎಕ್ಸ್‌ಪೋರ್ಟ್ ಮಾಡುವಾಗ, ತಾನಾಗಿ ಸೇರುವ ಖಾಲಿ ಪುಟಗಳೂ ಬರಲಿ ಅನ್ನುವ ಆಯ್ಕೆಗೆ ಟಿಕ್ ಹಾಕಿ. ಇಲ್ಲದಿದ್ದರೆ ಬಲಪುಟದಲ್ಲಿರಬೇಕಾದ ಅಧ್ಯಾಯ ಅಚ್ಚಾದಾಗ ಎಡಪುಟಕ್ಕೆ ಬಂದಿರುತ್ತದೆ.